ಮಧ್ಯಾಹ್ನದ ಜಾಬ್‌ಗಳು

ಯುಗಾದಿ ಮುಗಿದು ಎರಡು ವಾರವಾಗಿತ್ತು. ಬೆಳಿಗ್ಗೆ ಒಂಬತ್ತೂಕಾಲಿಗೆ ಕಸ್ಟಮರ್ ಕಡೆಯಿಂದ ಫೋನ್ ಬಂತು. "ನಿಮ್ಮ ಹೌಸಿಂಗ್‌ನಲ್ಲಿ ಬೇರಿಂಗ್ ಕೂರ್ತಿಲ್ಲ ಮೇಡಂ. ಲೈನ್ ನಿಂತಿದೆ. ಯಾರನ್ನಾದ್ರೂ ಕಳಿಸಿ." ಹೌಸಿಂಗ್ ಎಂದರೆ ಬೇರಿಂಗ್ ಕೂರುವ ಗೂಡು, ನಾವು ಮಾಡಿ ಕೊಡುವ ಭಾಗ. ಕಳಿಸೋದಕ್ಕೆ ನಮ್ಮಲ್ಲಿ ಇನ್ಯಾರಿದ್ದಾರೆ? ತೂತಿನ ವ್ಯಾಸ ಅಳೆಯುವ ಬೋರ್ ಡಯಲ್ ಗೇಜ್, ಅದನ್ನು ಹೊಂದಿಸಲು ಬೇಕಾದ ನಿಖರ ಅಳತೆಯ ಮಾಸ್ಟರ್ ರಿಂಗ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ನಾನೇ ಹೊರಟೆ.

ನಾನು ಪೀಣ್ಯ ಎರಡನೇ ಹಂತದ ಒಂದು ಮಷಿನ್ ಶಾಪಿನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ನಡೆಸುವ ಆರು ಸಿಎನ್‌ಸಿ ಲೇತ್, ಎರಡು ವಿಎಂಸಿ (ಮಿಲ್ಲಿಂಗ್ ಮಷಿನ್), ಒಂದು ಹಳೇ ಸೆಂಟರ್‌ಲೆಸ್ ಗ್ರೈಂಡರ್, ಎರಡೂ ಶಿಫ್ಟ್ ಸೇರಿ ಮೂವತ್ತು ಜನ. ತುಮಕೂರಿನಲ್ಲಿ ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬಂದು ಹದಿನಾರು ವರ್ಷವಾಯಿತು. ಹೊಸದಾಗಿ ಕ್ವಾಲಿಟಿಗೆ ಸೇರಿದವರು "ಏನು ಓದಬೇಕು ಅಕ್ಕ?" ಎಂದು ಕೇಳಿದಾಗೆಲ್ಲ ನನಗೆ ನೆನಪಾಗುವುದು ಆ ಹೌಸಿಂಗ್. ಹಾಗಾಗಿ ಅದರ ಕಥೆಯನ್ನೇ ಇಲ್ಲಿ ಪೂರ್ತಿ ಬರೆದಿಡುತ್ತೇನೆ.

ಅದು ಅಲ್ಯುಮಿನಿಯಂ ಡೈಕಾಸ್ಟಿಂಗ್. ಒಳಗಿನ ಬೋರ್, ಅಂದರೆ ತೂತಿನ ವ್ಯಾಸ, 72 ಮಿ.ಮೀ., ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಏರುಪೇರು) ಎಚ್7. ಅಂದರೆ 72.000ಕ್ಕಿಂತ ಕಡಿಮೆ ಇರುವಂತಿಲ್ಲ, 72.030 ದಾಟುವಂತಿಲ್ಲ. ಅಲ್ಲಿ ಕೂರುವುದು 6207 ಬೇರಿಂಗ್. ಕೈಯಲ್ಲಿ ಒತ್ತಿದರೆ ನಯವಾಗಿ ಜಾರಿ ಕೂರಬೇಕು. ನಮಗಿರುವ ಅವಕಾಶ 30 ಮೈಕ್ರಾನ್ (ಒಂದು ಮಿ.ಮೀ.ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಒಂದು ತಲೆಗೂದಲಿನ ಅರ್ಧ ದಪ್ಪವೂ ಇಲ್ಲ.

ಅವರ ಗೋಡೌನ್‌ನಲ್ಲಿ ಟ್ರೇ ಮುಂದೆ ಕೂತು ಅಳೆದೆ. 71.993. ಇನ್ನೊಂದು, 71.990. ಮೂರನೆಯದು 72.011, ಸರಿಯಿದೆ. ನಾಲ್ಕನೆಯದು ಮತ್ತೆ ಕಡಿಮೆ. ಅವುಗಳ ಜೊತೆ ನಾವು ಕಳಿಸಿದ್ದ ಪಿಡಿಐ (ಕಳಿಸುವ ಮುಂಚಿನ ತಪಾಸಣೆ) ರಿಪೋರ್ಟಿನಲ್ಲಿ ಎಲ್ಲವೂ 72.012, 72.016, 72.018. ಕೆಳಗೆ ಇದ್ದದ್ದು ನನ್ನದೇ ಸಹಿ. ಆ ಕಾಗದವನ್ನು ಅವರ ಇನ್‌ಸ್ಪೆಕ್ಟರ್ ನನ್ನ ಮುಂದಿಟ್ಟಾಗ ಆದ ಅವಮಾನ ಇವತ್ತಿಗೂ ಹೊಟ್ಟೆಯಲ್ಲಿ ಹಾಗೇ ಇದೆ.

ಮೂರು ದಿನ ಅಲ್ಲೇ ಕೂತು 640 ಹೌಸಿಂಗ್ ವಿಂಗಡಿಸಿದೆವು. ಸುಮಾರು ಮೂರನೇ ಒಂದು ಪಾಲು ಅಂಡರ್‌ಸೈಜ್.

ವಾಪಸ್ ಬಂದವಳು ಮೊದಲು ಗೇಜನ್ನು ಅನುಮಾನಿಸಿದೆ. ಗೇಜ್ ಸರಿ ಇತ್ತು. ರಿಂಗ್ ನೋಡಿದೆ. ತುಮಕೂರು ರಸ್ತೆಯ ಸಿಎಂಟಿಐ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಕ್ಯಾಲಿಬ್ರೇಷನ್ ಆಗಿದ್ದ ರಿಂಗ್ ಅದು, ಸರ್ಟಿಫಿಕೇಟಿನಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಅನುಮಾನ ಬಿದ್ದದ್ದು ಆಪರೇಟರ್ ಮೇಲೆ. ಗದಗ ಕಡೆಯ ಹುಡುಗ, ಐಟಿಐ ಮುಗಿಸಿ ಬಂದು ಎರಡು ವರ್ಷವಾಗಿತ್ತು. ಅಳೆಯದೆಯೇ ಶೀಟ್ ತುಂಬಿಸಿದ್ದಾನೆ ಎಂದುಕೊಂಡು ಎಲ್ಲರ ಎದುರಿಗೇ ಅವನನ್ನು ಕೇಳಿಬಿಟ್ಟೆ. ಅವನು ತಲೆ ತಗ್ಗಿಸಿ ಒಂದೇ ಮಾತು ಹೇಳಿದ. "ನಾ ಅಳದೇ ಬರ್ದೀನ್ರಿ ಮೇಡಂ. ಮುಂಜಾನಿ ಮಾಡಿದ್ವು ಎಲ್ಲಾ ಬರೋಬ್ಬರಿ ಇರ್ತಾವ್ರಿ. ಮಧ್ಯಾಹ್ನದ್ವೇ ಕಿರಿಕಿರಿ ಮಾಡ್ತಾವು. ಮೊದ್ಲೂ ಒಮ್ಮೆ ಹೇಳಿದ್ದೆ ನಿಮಗ."

ಹೌದು, ಹೇಳಿದ್ದ. ಹಬ್ಬಕ್ಕೆ ಮುಂಚೆ, ಟೀ ಹೊತ್ತಿನಲ್ಲಿ, ಮಧ್ಯಾಹ್ನದ ರೀಡಿಂಗ್ ಯಾಕೋ ಒಂದು ನಮೂನಿ ಬರುತ್ತಿದೆ ಎಂದಿದ್ದ. ಡಿಸ್ಪ್ಯಾಚ್ ಗಡಿಬಿಡಿಯಲ್ಲಿ "ನೋಡೋಣ" ಎಂದವಳು ನೋಡಿರಲೇ ಇಲ್ಲ.

ಟ್ರೇ ಟ್ಯಾಗ್‌ಗಳನ್ನು ಹರಡಿಕೊಂಡು ಕೂತೆ. ನಮ್ಮಲ್ಲಿ ಪ್ರತಿ ಟ್ರೇಗೂ ತಾರೀಖು, ಶಿಫ್ಟ್, ತುಂಬಿದ ಗಂಟೆ ಬರೆಯುವ ಪದ್ಧತಿ ಇದೆ. ಆ ಪದ್ಧತಿ ಇಲ್ಲದಿದ್ದರೆ ಈ ಕಥೆ ಇಲ್ಲಿಗೇ ನಿಂತುಹೋಗುತ್ತಿತ್ತು. ಬೆಳಿಗ್ಗೆ ಏಳರಿಂದ ಹತ್ತೂವರೆವರೆಗಿನ ಟ್ರೇಗಳೆಲ್ಲ ಸರಿ. ಮಧ್ಯಾಹ್ನ ಒಂದರ ನಂತರದ್ದೆಲ್ಲ ಕೆಟ್ಟವು. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮಷಿನ್ ಹೊಂದಿಸಿಕೊಡುವ ನಮ್ಮ ಹಿರಿಯ ಸೆಟ್ಟರ್ ಒಬ್ಬರಿದ್ದಾರೆ, ಎಲ್ಲರೂ ಅಣ್ಣ ಎಂದೇ ಕರೆಯುವುದು. ನಾನು ಟ್ಯಾಗ್ ಹಿಡಿದು ತಲೆಕೆಡಿಸಿಕೊಂಡಿದ್ದನ್ನು ನೋಡಿ ಮಷಿನ್‌ನಿಂದ ಆಗಷ್ಟೇ ಇಳಿದ ಒಂದು ಹೌಸಿಂಗ್ ತಂದು ನನ್ನ ಕೈಗಿಟ್ಟರು. "ಮುಟ್ಟಿ ನೋಡಮ್ಮ." ಆಗ ತಾನೇ ಇಸ್ತ್ರಿ ಮಾಡಿ ಮಡಚಿಟ್ಟ ಬಟ್ಟೆಯಷ್ಟು ಬೆಚ್ಚಗಿತ್ತು.

ಮಷಿನ್‌ನಲ್ಲಿ ತಯಾರಾಗುವ ಭಾಗವನ್ನು ನಾವು ಜಾಬ್ ಎನ್ನುತ್ತೇವೆ. ಥರ್ಮಾಮೀಟರ್ ಇಟ್ಟು ನೋಡಿದರೆ ಜಾಬ್ 41 ಡಿಗ್ರಿ. ಕೂಲರ್ ಪಕ್ಕದ ಗ್ರಾನೈಟ್ ಮೇಲಿದ್ದ ಮಾಸ್ಟರ್ ರಿಂಗ್ 26. ನಡುವೆ 15 ಡಿಗ್ರಿ ವ್ಯತ್ಯಾಸ. ಒಂದು ಮೀಟರ್ ಉದ್ದದ ಅಲ್ಯುಮಿನಿಯಂ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 72 ಮಿ.ಮೀ.ಗೆ, 15 ಡಿಗ್ರಿಗೆ, ಲೆಕ್ಕ ಹಾಕಿದರೆ ಹತ್ತಿರಹತ್ತಿರ 25 ಮೈಕ್ರಾನ್. ಇದ್ದ 30 ಮೈಕ್ರಾನ್‌ನಲ್ಲಿ 25 ಬರೀ ಬಿಸಿಗೇ ಹೋಗಿತ್ತು! ಅದೇ ಜಾಬನ್ನು ಟೇಬಲ್ ಮೇಲಿಟ್ಟು ಮತ್ತೆ ಮತ್ತೆ ಅಳೆದೆ. ಇಳಿದ ತಕ್ಷಣ 72.016. ಹತ್ತು ನಿಮಿಷಕ್ಕೆ 72.005. ನಲವತ್ತು ನಿಮಿಷಕ್ಕೆ 71.992. ನನ್ನ ಕಣ್ಣೆದುರಿಗೇ ಒಳ್ಳೆಯ ಜಾಬ್ ಕೆಟ್ಟ ಜಾಬ್ ಆಯಿತು. ನಿಜವೆಂದರೆ ಮೊದಲಿಂದಲೂ ಅದು ಕೆಟ್ಟದ್ದೇ.

ಡ್ರಾಯಿಂಗ್‌ನಲ್ಲಿ ಬರೆದ ಪ್ರತಿ ಅಳತೆಯೂ 20 ಡಿಗ್ರಿಯಲ್ಲಿ ಇರಬೇಕಾದ ಅಳತೆ. ಐಎಸ್‌ಒ 1, ಒಂದನೇ ನಂಬರಿನ ಸ್ಟ್ಯಾಂಡರ್ಡೇ ಇದನ್ನು ಹೇಳುವುದು. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವೂ ಬಂದಿತ್ತು. ಹಾಗಿದ್ದರೆ ಅಷ್ಟು ವರ್ಷ ಯಾಕೆ ತೊಂದರೆಯಾಗಲಿಲ್ಲ? ಅಲ್ಲಿಯವರೆಗೆ ನಾವು ಹೆಚ್ಚಾಗಿ ಮಾಡಿದ್ದು ಸ್ಟೀಲ್ ಜಾಬ್‌ಗಳು. ಸ್ಟೀಲ್ ಹಿಗ್ಗುವುದು ಅಲ್ಯುಮಿನಿಯಂನ ಅರ್ಧದಷ್ಟು ಮಾತ್ರ, ಮೇಲಾಗಿ ನಮ್ಮವು ಸಣ್ಣ ವ್ಯಾಸದವು. ಈ ಹೌಸಿಂಗ್ ಶುರುವಾದದ್ದು ಡಿಸೆಂಬರ್‌ನಲ್ಲಿ, ಆಗ ಟ್ಯಾಂಕಿನ ಕೂಲಂಟ್ (ಲೋಹ ಕತ್ತರಿಸುವಾಗ ಸುರಿಯುವ ತಂಪು ದ್ರವ) ತಣ್ಣಗಿತ್ತು. ಏಪ್ರಿಲ್ ಬಂತು, ಶೀಟ್ ಮಾಡು ಕಾದಿತು, ಮಧ್ಯಾಹ್ನದ ಹೊತ್ತಿಗೆ ಕೂಲಂಟೇ ಬೆಚ್ಚಗಿನ ಸ್ನಾನದ ನೀರಾಯಿತು.

ಪರಿಹಾರಕ್ಕೆ ಏಸಿ ರೂಮ್ ಕಟ್ಟಿಸುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ದಪ್ಪ ಅಲ್ಯುಮಿನಿಯಂ ಪ್ಲೇಟಿನ ಮೇಲೆ ಹನ್ನೆರಡು ಗೂಟದ ಒಂದು ರ‍್ಯಾಕ್ ಮಾಡಿಸಿ, ಪಕ್ಕದಲ್ಲಿ ಫ್ಯಾನ್ ಇಟ್ಟೆವು. ಮಷಿನ್‌ನಿಂದ ಇಳಿದ ಜಾಬ್ ಸಾಲಿನ ಕೊನೆಗೆ ಕೂರುತ್ತದೆ, ಅಳೆಯುವುದು ಸಾಲಿನ ಮೊದಲನೆಯದನ್ನು. ಸೈಕಲ್ ಟೈಮ್ ಮೂರೂವರೆ ನಿಮಿಷ, ಹನ್ನೆರಡು ಜಾಬ್ ಎಂದರೆ ನಲವತ್ತೆರಡು ನಿಮಿಷ ತಣಿಯಲು ಸಿಗುತ್ತದೆ. ಅದೇ ಹೌಸಿಂಗ್‌ಗಳಲ್ಲಿ ಒಂದನ್ನು ಸಿಎಂಟಿಐಗೆ ಕೊಟ್ಟು ಅಳೆಸಿ ತಂದು, ಮಾಸ್ಟರ್ ಜಾಬ್ ಎಂದು ಹಳದಿ ಬಳಿದು, ಅದೇ ಪ್ಲೇಟಿನ ಮೇಲೇ ಇಟ್ಟೆವು. ಮಾಸ್ಟರೂ ಅಲ್ಯುಮಿನಿಯಂ, ಜಾಬೂ ಅಲ್ಯುಮಿನಿಯಂ, ಇರುವುದೂ ಒಂದೇ ಪ್ಲೇಟಿನ ಮೇಲೆ. ಶೆಡ್ 34 ಡಿಗ್ರಿ ಇದ್ದರೂ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಹೋಲಿಕೆ ಕೆಡುವುದಿಲ್ಲ. ಇದರಲ್ಲಿ ಒಂದು ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ತಪ್ಪು ಗೊತ್ತಾಗುವ ಹೊತ್ತಿಗೆ ಹಿಂದೆ ಹನ್ನೆರಡು ಜಾಬ್ ಆಗಿಹೋಗಿರುತ್ತವೆ. ಹಾಗಾಗಿ ಇನ್‌ಸರ್ಟ್ (ಲೋಹ ಕತ್ತರಿಸುವ ತುಣುಕು) ಬದಲಿಸಿದ ಮೇಲಿನ ಮೊದಲ ಜಾಬ್ ಮಾತ್ರ ಸಾಲಿನಲ್ಲಿ ಕಾಯುವುದಿಲ್ಲ. ಅದನ್ನು ಮಾಸ್ಟರ್ ಜೊತೆ ಒಂದೇ ಬಕೆಟ್ ನೀರಿನಲ್ಲಿ ಅದ್ದಿಟ್ಟು, ಎರಡೂ ಒಂದೇ ಬಿಸಿಗೆ ಬಂದ ಮೇಲೆ ಅಳೆದು ನೋಡುತ್ತೇವೆ. ಅಲ್ಲಿಯವರೆಗೆ ಮಷಿನ್ ನಿಂತಿರುತ್ತದೆ.

ಎಲ್ಲರ ಎದುರು ಬೈದಿದ್ದೆನಲ್ಲ, ಎಲ್ಲರ ಎದುರೇ ಆ ಹುಡುಗನ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಮೇಡಂ" ಎಂದ. ಆದರೆ ನನಗೆ ಅದು ಅಷ್ಟು ಸುಲಭವಾಗಿ ಹೋಗಲಿಲ್ಲ.

ಅಲ್ಲಿಂದ ಮುಂದೆ ನಾನು ಯಾವುದೇ ರಿಜೆಕ್ಷನ್ ಬಂದರೂ ಮೊದಲು ಕೇಳುವ ಪ್ರಶ್ನೆ: ಅಳತೆಯನ್ನೇ ನಂಬಬಹುದಾ? ಹತ್ತು ಜಾಬ್ ಆರಿಸಿ, ನಂಬರ್ ಕಾಣದ ಹಾಗೆ, ಮೂವರ ಕೈಯಲ್ಲಿ ಎರಡೆರಡು ಸಲ ಅಳೆಸುತ್ತೇನೆ. ಗೇಜ್ ಆರ್ ಆಂಡ್ ಆರ್ ಎನ್ನುವುದು ಇದನ್ನೇ. ಲೆಕ್ಕ ಆಮೇಲೆ. ಮೊದಲು ಸುಮ್ಮನೆ ಆ ಮೂವರ ಕೈ ನೋಡಬೇಕು. ಒಬ್ಬ ಮೈಕ್ರೋಮೀಟರಿನಲ್ಲಿ ಒತ್ತಡವನ್ನು ಮಿತಿಯಲ್ಲಿಡುವ ರ‍್ಯಾಚೆಟ್ ಬಿಟ್ಟು ಥಿಂಬಲನ್ನೇ, ಅಂದರೆ ಕೊಳವೆಯನ್ನೇ, ತಿರುಗಿಸಿ ಬಿಗಿಯುತ್ತಾನೆ. ಇನ್ನೊಬ್ಬ ಜಾಬ್ ಒರೆಸುವುದಿಲ್ಲ, ಕೂಲಂಟ್ ಮೇಲೇ ಅಳೆಯುತ್ತಾನೆ. ಮೂರನೆಯವನು ರೀಡಿಂಗ್ ಟಾಲರೆನ್ಸ್ ಒಳಗೆ ಬರುವವರೆಗೆ ಅಲ್ಲಾಡಿಸುತ್ತಾ ಇರುತ್ತಾನೆ. ಒಂದೇ ಪಿನ್ನಿಗೆ ಮೂವರಲ್ಲಿ 6 ಮೈಕ್ರಾನ್ ವ್ಯತ್ಯಾಸ ಬಂದದ್ದಿದೆ, ಟಾಲರೆನ್ಸ್ ಇದ್ದದ್ದೇ 13. ಮೂರು ಕ್ಲಿಕ್ ರ‍್ಯಾಚೆಟ್, ಒಣ ಬಟ್ಟೆ, ಒಂದೇ ಸಲದ ರೀಡಿಂಗ್. ಇಷ್ಟನ್ನು ಕಲಿಸಿದ್ದಕ್ಕೇ ಆ ವ್ಯತ್ಯಾಸ 2 ಮೈಕ್ರಾನ್‌ಗೆ ಇಳಿಯಿತು. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಗೇಜಿನ ಪೆಟ್ಟಿಗೆಗೆ ಮಾತ್ರ, ಗೇಜಿಗಲ್ಲ ಎಂಬ ನಿಯಮವನ್ನೂ ನಾನೇ ಮಾಡಿದ್ದು. ಅಣ್ಣ ಮೊದಲು ಒಪ್ಪಿರಲಿಲ್ಲ. ಜಾಬ್ ತಾಗುವ ಆನ್ವಿಲ್ ಮೇಲೆ ಕುಂಕುಮದ ಪದರ ಉಳಿದರೆ ಎಷ್ಟು ಮೈಕ್ರಾನ್ ತೋರಿಸುತ್ತದೆ ಎಂದು ಅಳೆದು ತೋರಿಸಿದ ಮೇಲೆ ಒಪ್ಪಿದರು.

ಇನ್ನು ಕಣ್ಣಿನ ತಪಾಸಣೆ. ಡೆಂಟ್, ಗೀರು, ಬರ್ (ಅಂಚಿನಲ್ಲಿ ಉಳಿದ ಚೂಪು ಚೂರು), ಇವನ್ನು ಗೇಜ್ ಹಿಡಿಯುವುದಿಲ್ಲ, ಕಣ್ಣೇ ಹಿಡಿಯಬೇಕು. ಕಂಪ್ಲೇಂಟ್ ಬಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು, ನೂರಕ್ಕೆ ನೂರು ಚೆಕ್ ಮಾಡಿಸಿ. ಮಾಡಿಸಿದರೆ ಸಾಕು, ಒಂದೂ ತಪ್ಪಿಸಿಕೊಳ್ಳುವುದಿಲ್ಲ ಎಂದು ನಾನೂ ಬಹಳ ಕಾಲ ನಂಬಿದ್ದೆ. ಆರು ವರ್ಷ ಫೈನಲ್ ಟೇಬಲ್ ಮುಂದೆ ಕೂತವಳು ನಾನು. ಊಟ ಮುಗಿಸಿ ಎರಡೂವರೆಗೆ ಅದೇ ಬುಷ್ ಸಾವಿರದ ಇನ್ನೂರನೇ ಸಲ ಕೈಗೆ ಬಂದಾಗ ಕಣ್ಣು ತೆರೆದೇ ಇರುತ್ತದೆ, ಕಾಣುವುದು ಮಾತ್ರ ನಿಂತಿರುತ್ತದೆ.

ಇದನ್ನು ಮಾಲೀಕರಿಗೆ ಅರ್ಥ ಮಾಡಿಸಲು ಒಂದು ಕೆಲಸ ಮಾಡಿದೆ. ಅವತ್ತಿನ ದಿನಪತ್ರಿಕೆಯ ಒಂದು ಪ್ಯಾರಾ ಜೆರಾಕ್ಸ್ ಮಾಡಿಸಿ, ಎಂಟು ಜನರಿಗೆ ಕೊಟ್ಟು, ಇದರಲ್ಲಿ "ರ" ಎಷ್ಟಿದೆ ಎಣಿಸಿ ಎಂದೆ. ಮಾಲೀಕರೂ ಕೂತರು. ಎರಡು ನಿಮಿಷ. ಎಂಟು ಜನರಿಂದ ಆರು ಬೇರೆಬೇರೆ ಉತ್ತರ ಬಂತು. ಕಣ್ಣು ತಪ್ಪಿ ಬಿಟ್ಟವರಿದ್ದರು, ಅದು ನಾನು ಎದುರುನೋಡಿದ್ದೇ. ನಾನು ಯೋಚಿಸಿರದ ಸಂಗತಿ ಇನ್ನೊಂದಿತ್ತು. "ಪ್ರಕಾರ" ಎಂಬಲ್ಲಿ ಪಕಾರದ ಕೆಳಗಿನ ಒತ್ತನ್ನು ಕೆಲವರು ಎಣಿಸಿದ್ದರು, ಕೆಲವರು ಬಿಟ್ಟಿದ್ದರು. "ಕಾರ್ಯಕ್ರಮ"ದ ಅರ್ಕಾವತ್ತನ್ನು ಒಬ್ಬರು ಮಾತ್ರ ಎಣಿಸಿದ್ದರು. "ಒತ್ತಕ್ಷರ ಸೇರಿಸ್ಬೇಕು ಅಂತ ನೀವು ಹೇಳ್ಲಿಲ್ವಲ್ಲ ಮೇಡಂ?" ಎಂದು ಪ್ಯಾಕಿಂಗ್‌ನ ಹುಡುಗಿ ಕೇಳಿದಳು. ಸರಿಯಾದ ಪ್ರಶ್ನೆ. ಅದೇ ರೀತಿ, ಯಾವುದು ಡೆಂಟ್ ಎಂದೂ ನಾವು ಯಾರಿಗೂ ಹೇಳಿಕೊಟ್ಟಿರಲಿಲ್ಲ. "ಡೆಂಟ್ ಇರಬಾರದು" ಎಂದು ಗೋಡೆಗೆ ಅಂಟಿಸಿದ್ದೆವು ಅಷ್ಟೆ.

ಆ ವಾರವೇ ಲಿಮಿಟ್ ಸ್ಯಾಂಪಲ್ ಬೋರ್ಡ್ ಮಾಡಿದೆವು. ಒಂದು ಸಾಲಿನಲ್ಲಿ ಪಾಸ್ ಆಗಬಹುದಾದ ಅತಿ ಕೆಟ್ಟ ಜಾಬ್, ಅದರ ಪಕ್ಕ ಫೇಲ್ ಆಗಲೇಬೇಕಾದ ಅತಿ ಒಳ್ಳೆಯ ಜಾಬ್. ಎರಡಕ್ಕೂ ಕಸ್ಟಮರ್ ಕಡೆಯವರ ಸಹಿ. ಪ್ರತಿಯೊಬ್ಬರ ಕಣ್ಣಿನ ಕೆಲಸ ಒಂದು ಗಂಟೆ ಮಾತ್ರ, ಆಮೇಲೆ ಪ್ಯಾಕಿಂಗ್‌ಗೋ ಡೀಬರಿಂಗ್‌ಗೋ ಬದಲಿ. ಬೆಳಕನ್ನೂ ಬದಲಿಸಿದೆವು. ತಲೆಯ ಮೇಲಿನ ಟ್ಯೂಬ್‌ಲೈಟ್ ಗೀರನ್ನು ಮುಚ್ಚಿಬಿಡುತ್ತದೆ, ಪಕ್ಕದಿಂದ ಓರೆಯಾಗಿ ಬೀಳುವ ಬೆಳಕು ಎತ್ತಿ ತೋರಿಸುತ್ತದೆ. ನೂರೈವತ್ತು ರೂಪಾಯಿಯ ಟೇಬಲ್ ಲ್ಯಾಂಪ್ ಸಾಕಾಯಿತು.

ಅಳತೆಯ ಏರುಪೇರನ್ನು ಚುಕ್ಕಿಗಳಲ್ಲಿ ತೋರಿಸುವ ಕಂಟ್ರೋಲ್ ಚಾರ್ಟ್ ಬಗ್ಗೆ ಬರೆಯದೆ ಮುಂದೆ ಹೋಗಲಾರೆ, ನನಗೆ ಅದರ ಮೇಲೆ ಅಷ್ಟು ಪ್ರೀತಿ. 1924ರಲ್ಲಿ ವಾಲ್ಟರ್ ಶೂಹಾರ್ಟ್ ಅಮೆರಿಕದ ಟೆಲಿಫೋನ್ ಸಾಮಾನಿನ ಕಾರ್ಖಾನೆಗಾಗಿ ಒಂದು ಪುಟದಲ್ಲಿ ಬರೆದುಕೊಟ್ಟ ಚಿತ್ರ ಅದು. ಆತ 1947-48ರಲ್ಲಿ ಭಾರತಕ್ಕೂ ಬಂದಿದ್ದರು, ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ 1931ರಲ್ಲಿ ಸ್ಥಾಪಿಸಿದ್ದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ. ಆ ಸಂಸ್ಥೆಯ ಕ್ವಾಲಿಟಿ ಕಂಟ್ರೋಲ್ ವಿಭಾಗ ನಮ್ಮ ಮೈಸೂರು ರಸ್ತೆಯ ಕ್ಯಾಂಪಸ್‌ನಲ್ಲೂ ಇದೆ.

ನಮ್ಮ ಶಾಪಿನಲ್ಲಿ ಮೊದಲು ಚಾರ್ಟ್ ಕಂಪ್ಯೂಟರ್‌ನಲ್ಲಿತ್ತು. ತಿಂಗಳ ಕೊನೆಗೆ ಆಡಿಟ್‌ಗಾಗಿ ನಾನೇ ತುಂಬಿಸುತ್ತಿದ್ದೆ. ಅದರಿಂದ ಯಾರಿಗೂ ಏನೂ ಪ್ರಯೋಜನವಿರಲಿಲ್ಲ. ಈಗ ಮಷಿನ್ ಬಾಗಿಲ ಪಕ್ಕ ಕಾಗದದಲ್ಲಿ ನೇತಾಡುತ್ತದೆ, ಆಪರೇಟರ್‌ಗಳೇ ಪೆನ್ಸಿಲ್‌ನಲ್ಲಿ ಚುಕ್ಕಿ ಇಡುತ್ತಾರೆ. ಗಂಟೆಗೆ ಐದು ಜಾಬ್, ಐದರ ಸರಾಸರಿ, ಮತ್ತೆ ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ಅಂತರ. ನಮ್ಮ 30 ಮಿ.ಮೀ. ಪಿನ್ನಿಗೆ ಆ ಅಂತರ ಸಾಮಾನ್ಯವಾಗಿ 4 ಮೈಕ್ರಾನ್. ಐದರ ಗುಂಪಿಗೆ ಟೇಬಲ್‌ನಲ್ಲಿ ಕೊಟ್ಟಿರುವ 0.577ರಿಂದ ಗುಣಿಸಿದರೆ 2.3. ಅಂದರೆ ಸರಾಸರಿಯ ಗೆರೆಯಿಂದ ಮೇಲೆ ಕೆಳಗೆ 2.3 ಮೈಕ್ರಾನ್ ಒಳಗೆ ಚುಕ್ಕಿ ಓಡಾಡಿಕೊಂಡಿದ್ದರೆ ಮಷಿನ್ ಮುಟ್ಟಬೇಡಿ.

ಈ "ಮುಟ್ಟಬೇಡಿ" ಎಂಬುದನ್ನು ಕಲಿಸುವುದೇ ಅತ್ಯಂತ ಕಷ್ಟ. ರಾತ್ರಿ ಪಾಳಿಯ ಒಬ್ಬರು ಬಹಳ ಶ್ರದ್ಧೆಯ ಮನುಷ್ಯ. ಪ್ರತಿ ಜಾಬ್ ಅಳೆದು, 2 ಮೈಕ್ರಾನ್ ಜಾಸ್ತಿ ಬಂದರೆ 2 ಕಡಿಮೆ ಆಫ್‌ಸೆಟ್ (ಮಷಿನ್‌ಗೆ ಕೊಡುವ ತಿದ್ದುಪಡಿ), 1 ಕಡಿಮೆ ಬಂದರೆ 1 ಜಾಸ್ತಿ. ಅವರಷ್ಟು ಕಷ್ಟಪಡುವವರು ಇನ್ನೊಬ್ಬರಿರಲಿಲ್ಲ, ಅವರ ಪಾಳಿಯ ಪಿನ್ನುಗಳೇ ಎಲ್ಲಕ್ಕಿಂತ ಹೆಚ್ಚು ಚೆದುರುತ್ತಿದ್ದವು. ಮಷಿನ್ ತನ್ನಷ್ಟಕ್ಕೆ ಮಾಡುವ ಸಣ್ಣ ಏರುಪೇರನ್ನು ಹೀಗೆ ಅಟ್ಟಿಸಿಕೊಂಡು ಹೋದರೆ ಆ ಏರುಪೇರು ಸುಮಾರು 1.4 ಪಟ್ಟು ಬೆಳೆಯುತ್ತದೆ, ಇದು ಲೆಕ್ಕದಲ್ಲೇ ಸಿದ್ಧವಾಗುವ ಮಾತು. ಅವರಿಗೆ ಲೆಕ್ಕ ಹೇಳಲಿಲ್ಲ. ಒಂದು ರಾತ್ರಿ ನಾನೂ ಪಾಳಿಗೆ ಬಂದು ಜೊತೆಗೆ ನಿಂತೆ. ಮೊದಲ ನಲವತ್ತು ಜಾಬ್ ಅವರ ರೀತಿ, ಆಮೇಲಿನ ನಲವತ್ತು ಆಫ್‌ಸೆಟ್ ಮುಟ್ಟದೆ. ಎರಡನ್ನೂ ಗೆರೆ ಎಳೆದು ಗುರುತು ಹಾಕಿದೆವು. ಬೆಳಗಿನ ಜಾವ ಮೂರು ಗಂಟೆಗೆ ಅವರು ಆ ಕಾಗದವನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದರು. ಈಗ ಏಳು ಚುಕ್ಕಿ ಸಾಲಾಗಿ ಗೆರೆಯ ಒಂದೇ ಬದಿಗೆ ಬಂದರೆ ಮಾತ್ರ ಕೈ ಹಾಕುತ್ತಾರೆ. ಹೊರ ವ್ಯಾಸದಲ್ಲಿ ಇನ್‌ಸರ್ಟ್ ಸವೆದಂತೆ ಜಾಬ್ ದಪ್ಪವಾಗುತ್ತಾ ಹೋಗುತ್ತದಲ್ಲ, ಆ ಏರಿಕೆ ಚಾರ್ಟಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕೊನೆಯದಾಗಿ ಕೆಂಪು ಡಬ್ಬಿ. ಹೇಳಬೇಕಾದ ಮುಖ್ಯ ಮಾತು ಇದೇ, ಆದರೆ ಮೇಲಿನದ್ದೆಲ್ಲ ಇಲ್ಲದೆ ಇದು ಅರ್ಥವಾಗುತ್ತಿರಲಿಲ್ಲ.

ಪ್ರತಿ ಮಷಿನ್ ಪಕ್ಕ ರಿಜೆಕ್ಷನ್‌ಗೆಂದು ಬೀಗ ಹಾಕಿದ ಕೆಂಪು ಡಬ್ಬಿ ಇರುತ್ತದೆ. ನಮ್ಮಲ್ಲಿ ಅದು ಸದಾ ಖಾಲಿ. ನಮ್ಮ ರಿಜೆಕ್ಷನ್ ಎಷ್ಟು ಕಡಿಮೆ ಎಂದು ಹೆಮ್ಮೆಯಿತ್ತು. ಒಂದು ಭಾನುವಾರ ಕೂಲಂಟ್ ಟ್ಯಾಂಕ್ ತೊಳೆಸಿದೆವು. ತಳದ ಕೆಸರಿನಲ್ಲಿ ಹನ್ನೊಂದು ಜಾಬ್ ಸಿಕ್ಕವು. ಚಿಪ್ಸ್ (ಕತ್ತರಿಸಿದ ಲೋಹದ ಚೂರು) ತುಂಬುವ ಡ್ರಮ್ಮಿನ ಅಡಿಯಲ್ಲಿ ಇನ್ನೂ ಹದಿನೇಳು. ಆ ಕಾಲದಲ್ಲಿ ಜಾಬ್ ಕೆಟ್ಟರೆ ಬೈಗುಳ ಖಚಿತ, ತಿಂಗಳಿಗೆ ಐದು ದಾಟಿದರೆ ಇನ್ಸೆಂಟಿವ್ ಕಟ್. ಅಂಥ ಕಡೆ ಯಾರು ತಾನೇ ಕೆಟ್ಟ ಜಾಬ್ ತಂದು ಎದುರಿಗಿಡುತ್ತಾರೆ? ಬಚ್ಚಿಟ್ಟ ಜಾಬಿನ ಜೊತೆಗೆ ಅದು ಯಾಕೆ ಕೆಟ್ಟಿತು ಎಂಬ ಕಾರಣವೂ ಕೆಸರಿಗೆ ಹೋಗುತ್ತದೆ.

ಮಾಲೀಕರ ಬಳಿ ಹೋಗಿ ಆ ಇಪ್ಪತ್ತೆಂಟು ಜಾಬನ್ನೂ ಟೇಬಲ್ ಮೇಲಿಟ್ಟೆ. ತಾವಾಗಿಯೇ ತಂದು ತೋರಿಸಿದ ಜಾಬಿಗೆ ಬೈಗುಳವೂ ಇಲ್ಲ, ಕಟ್ಟೂ ಇಲ್ಲ ಎಂದು ಆರು ತಿಂಗಳು ಮಾಡಿ ನೋಡೋಣ ಎಂದು ಕೇಳಿಕೊಂಡೆ. ಒಪ್ಪಿದರು. ಮೊದಲ ತಿಂಗಳು ರಿಜೆಕ್ಷನ್ ಲೆಕ್ಕ ಒಂಬತ್ತರಿಂದ ಅರವತ್ತಮೂರಕ್ಕೆ ಏರಿತು. ಮಾಲೀಕರು ಗಾಬರಿಯಾಗಿ ಕರೆಸಿದರು. "ಏನಮ್ಮ ಇದು, ಇಷ್ಟೊಂದು?" ಇವೆಲ್ಲ ಮೊದಲೂ ಆಗುತ್ತಿದ್ದವು ಸರ್, ಅರ್ಧ ಟ್ಯಾಂಕಿಗೆ ಹೋಗುತ್ತಿದ್ದವು, ಅರ್ಧ ಕಸ್ಟಮರ್‌ಗೆ ಹೋಗುತ್ತಿದ್ದವು ಎಂದೆ. ಅವರು ಸುಮ್ಮನಾದರು. ಮಾತಿಗೆ ತಪ್ಪಲಿಲ್ಲ, ಅದಕ್ಕಾಗಿ ಅವರ ಮೇಲೆ ನನಗೆ ಇಂದಿಗೂ ಗೌರವ.

ಈಗ ದಿನಾ ಸಂಜೆ ನಾಲ್ಕಕ್ಕೆ ಟೀ ಜೊತೆ ಡಬ್ಬಿ ತೆರೆಯುತ್ತೇವೆ. ಹತ್ತು ನಿಮಿಷ, ನಿಂತುಕೊಂಡೇ. ಯಾರು ಮಾಡಿದ್ದು ಎಂದು ಕೇಳುವುದಿಲ್ಲ, ಹೇಗಾಯಿತು ಎಂದಷ್ಟೇ. ಕಳೆದ ಶುಕ್ರವಾರ ಗದಗದ ಅದೇ ಹುಡುಗ, ಈಗ ಅವನೂ ಸೆಟ್ಟರ್, ಎರಡು ಫ್ಲ್ಯಾಂಜ್ ತಂದಿಟ್ಟ. "ಎರಡೂ ನನ್ನ ಕೈಯಾಗ ಹೋದ್ವು ನೋಡ್ರಿ. ಫೇಸ್ ಓಡಾಕತ್ತೈತಿ." ವಿ-ಬ್ಲಾಕ್ ಮೇಲಿಟ್ಟು ಡಯಲ್ ಹಚ್ಚಿದರೆ ರನ್ಔಟ್ (ತಿರುಗಿಸಿದಾಗ ಮುಖದ ಓಲಾಟ) 40 ಮೈಕ್ರಾನ್. ಎರಡರಲ್ಲೂ ಹಿಂಭಾಗದ ಒಂದೇ ಜಾಗದಲ್ಲಿ ಎಳ್ಳಿನಷ್ಟು ಚಿಕ್ಕ ಒತ್ತು. ಜಾಬ್ ಹಿಡಿಯುವ ಚಕ್‌ನ ಜಾ (ಹಿಡಿತದ ಹಲ್ಲು) ಮೇಲೆ ಚಿಪ್ ಕೂತಿತ್ತು. ಕ್ಲ್ಯಾಂಪ್ ಆಗುವ ಮುಂಚೆ ಎರಡು ಸೆಕೆಂಡ್ ಗಾಳಿ ಊದುವ ಹಾಗೆ ಪ್ರೋಗ್ರಾಂನಲ್ಲಿ ಒಂದು ಸಾಲು ಸೇರಿಸಿದ್ದೇವೆ. ಆ ಮಷಿನ್ ನಾಲ್ಕು ದಿನದಿಂದ ಸರಿಯಾಗಿ ಓಡುತ್ತಿದೆ. ಉಳಿದ ಐದಕ್ಕೆ ಏರ್ ಲೈನ್ ಎಳೆಯಲು ನಾಳೆ ಫಿಟ್ಟರ್ ಬರುತ್ತಾರೆ.